ಸೀಟಿ ಕೇಳಿಸದ ಅಚ್ಚಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶ್ರವಣ ಕೇಂದ್ರದ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾನೆ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ, ಒಂದು ಪುಟ್ಟ ಮೋಟಾರು ಹಲ್ಲು ಕಡಿದಂತೆ ಕರ್ರೆನ್ನುತ್ತಿದೆ. ಮೋಟಾರಿನ ಮುಂದೆ ಮೈ ಬಗ್ಗಿಸಿ ಕೂತ ಹೆಂಗಸಿನ ಬೆರಳ ತುದಿಯಲ್ಲಿ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ, ಗಾಜಿನ ಹಾಗೆ ಹೊಳೆಯುವ ತುಣುಕು. ಅದನ್ನು ಸುತ್ತುವ ಕಲ್ಲಿಗೆ ತಾಕಿಸುತ್ತಾರೆ, ತೆಗೆಯುತ್ತಾರೆ, ಊದುತ್ತಾರೆ, ಕೆನ್ನೆಗೆ ಸವರಿ ನೋಡುತ್ತಾರೆ. ಕೆನ್ನೆಗೆ ಯಾಕೆ ಎಂದರೆ, "ಬೆರಳು ಸುಳ್ಳು ಹೇಳುತ್ತೆ, ದಪ್ಪ ಚರ್ಮ. ಕೆನ್ನೆಗೆ ಚುಚ್ಚಿದ್ರೆ ಮಗುವಿನ ಕಿವಿಗೂ ಚುಚ್ಚುತ್ತೆ" ಎನ್ನುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಅಚ್ಚಿನಕ್ಕ ಎಂದು. ಕೆಲಸ, ಕಿವಿಯ ಅಚ್ಚು ತಯಾರಿಸುವುದು. ಶ್ರವಣಯಂತ್ರ ಎಷ್ಟೇ ಒಳ್ಳೆಯದಿರಲಿ, ಅದರ ಸದ್ದನ್ನು ಕಿವಿಯೊಳಕ್ಕೆ ಒಯ್ಯುವ ಈ ತುಣುಕು ಸರಿಯಾಗಿ ಕೂರದಿದ್ದರೆ ಎಲ್ಲವೂ ದಂಡ. ಕೂದಲೆಳೆಯಷ್ಟು ಸಂದಿ ಉಳಿದರೂ ಸದ್ದು ಹೊರಗೆ ಸೋರಿ, ಯಂತ್ರದೊಳಕ್ಕೇ ಮತ್ತೆ ಹೊಕ್ಕು, ಸುತ್ತಿ ಸುತ್ತಿ ಕೀಚಲು ಸೀಟಿಯಾಗುತ್ತದೆ. ಸಭೆಯಲ್ಲಿ ಮೈಕು ಕಿರುಚುತ್ತದಲ್ಲ, ಹಾಗೆ.

ಇಷ್ಟು ಬೇಗ ಬರುವುದಕ್ಕೂ ಕಾರಣವಿದೆ. ಗೋಡೆಯ ಆಚೆ ಬದಿ ಕಿವಿ ಪರೀಕ್ಷೆಯ ನಿಶ್ಶಬ್ದ ಕೋಣೆ. ಅಲ್ಲಿ ಪರೀಕ್ಷೆ ಶುರುವಾದ ಮೇಲೆ ಮೋಟಾರು ಮುಟ್ಟುವಂತಿಲ್ಲ. ಹಾಗಾಗಿ ಉಜ್ಜುವ ಕೆಲಸವೆಲ್ಲ ಊರು ಏಳುವುದರೊಳಗೆ ಮುಗಿಯಬೇಕು. ಮೊದಲೆಲ್ಲ ಬರಿಗಿವಿಯಲ್ಲಿ ಕೂರುತ್ತಿದ್ದರು. ಈಗ ಎರಡೂ ಕಿವಿಯ ಮೇಲೆ ಸದ್ದು ತಡೆಯುವ, ಅರ್ಧ ತೆಂಗಿನಕಾಯಿಯಷ್ಟು ದಪ್ಪದ ಮುಚ್ಚಳಗಳಿವೆ.

ಇವತ್ತಿನ ಅಚ್ಚು ಏಳು ವರ್ಷದ ಹುಡುಗಿಯೊಬ್ಬಳದು. ಇದನ್ನು ಮಾಡುತ್ತಿರುವುದು ಎರಡನೆಯ ಸಲ. ಮೊದಲನೆಯದು ಕೆಟ್ಟಿದ್ದು ಯಾಕೆ, ಕೆಟ್ಟ ಮೇಲೆ ತಾನು ಏನು ಮಾಡಿದೆ ಎಂಬುದನ್ನು ಹೇಳದೆ ಬೇರೆ ಯಾವ ಮಾತನ್ನೂ ಆಡುವುದಿಲ್ಲ ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನಗೆ ಅಚ್ಚಿನಕ್ಕ ಮೊದಲೇ ಷರತ್ತು ಹಾಕಿದ್ದಾರೆ. "ಬರೀ ಒಳ್ಳೇದೇ ಬರೀತೀರ ಅಂತಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಹೊಗಳಿಸ್ಕೊಳ್ಳೋ ಮುಖ ಇಲ್ಲ ನನಗೆ ಈಗ."

ಹರೆಯದಲ್ಲಿ ಇವರು ಹಲ್ಲುಸೆಟ್ಟು ತಯಾರಿಸುವ ಕಡೆ ಕೆಲಸಕ್ಕಿದ್ದರು. ಆ ಸೆಟ್ಟಿನ ವಸಡಿಗೂ ಕಿವಿಯ ಅಚ್ಚಿಗೂ ಬಳಸುವುದು ಹೆಚ್ಚುಕಡಿಮೆ ಒಂದೇ ಪುಡಿ, ಒಂದೇ ದ್ರವ. ಇಲ್ಲಿ ಜನ ಬೇಕೆಂದು ಗೊತ್ತಾಗಿ ಬಂದರು. "ಬಾಯಿಂದ ಕಿವಿಗೆ ಬಡ್ತಿ ಆಯ್ತು ಅಂತ ನಮ್ಮ ಯಜಮಾನ್ರು ಊರೆಲ್ಲ ಹೇಳ್ಕೊಂಡು ಬಂದಿದ್ರು." ಯಜಮಾನರು ದರ್ಜಿ. ಆಗ ಮಕ್ಕಳು ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರವನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ ಬಟ್ಟೆಯ ಚೀಲ ಹೊಲಿದು ಕೊಡುತ್ತಿದ್ದವರು ಅವರೇ. ಪೆಟ್ಟಿಗೆಯಿಂದ ಕಿವಿಗೆ ತಂತಿ. ಶಾಲೆಯಲ್ಲಿ ತುಂಟರು ಆ ತಂತಿ ಎಳೆದು ಓಡುತ್ತಿದ್ದರು.

ಆ ಪೆಟ್ಟಿಗೆ ಈಗ ಕಾರಿಡಾರಿನ ಗಾಜಿನ ಬೀರುವಿನಲ್ಲಿದೆ. ಅದರ ಮೇಲಿನ ಅರೆಯಲ್ಲಿ, ಅದಕ್ಕೂ ಹಿಂದಿನ ಕಾಲದ ಹಿತ್ತಾಳೆಯ ಕಹಳೆ. ಸಣ್ಣ ತುದಿಯನ್ನು ಕಿವಿಗಿಟ್ಟುಕೊಂಡು, ಅಗಲ ಬಾಯಿಗೆ ಎದುರಿನವರು ಮಾತಾಡಬೇಕು. ಹಿತ್ತಾಳೆ ಕಿವಿ ಅಂದರೆ ಇದೇ ನೋಡಿ ಎಂದು ಬಂದವರೆಲ್ಲ ನಗುತ್ತಾರೆ. ಕೆಳಗಿನ ಅರೆಯಲ್ಲಿ ಕಿವಿಯ ಹಿಂದೆ ಕೂರುವ, ಗೋಡಂಬಿಯಾಕಾರದ ಯಂತ್ರಗಳು. ಅದಕ್ಕೂ ಕೆಳಗೆ ಕಿವಿಯೊಳಗೇ ಅಡಗುವ, ಕಡಲೆಯಷ್ಟು ಗಾತ್ರದವು. ಕೆಲವು ಕಡೆ ಈಗ ಅಚ್ಚನ್ನೂ ಯಂತ್ರವೇ ಅಳೆದು, ಯಂತ್ರವೇ ತೆಗೆದುಕೊಡುತ್ತದಂತೆ. ಇಲ್ಲಿಗೆ ಅದಿನ್ನೂ ಬಂದಿಲ್ಲ.

"ಮಿಷಿನ್ನು ಚಿಕ್ಕದಾಗ್ತಾ ಬಂತಲ್ಲ, ಅದು ಕಿವಿಗೋಸ್ಕರ ಅಂದ್ಕೊಂಡ್ರಾ? ಅಕ್ಕಪಕ್ಕದವರ ಕಣ್ಣಿಗೋಸ್ಕರ. ಬಂದೋರೆಲ್ಲ ಕೇಳೋದು ಒಂದೇ, ಕಾಣಿಸದ ಹಾಗೆ ಮಾಡ್ಕೊಡಿ ಅಂತ. ಮದುವೆಗೆ ಬಂದ ಹುಡುಗೀರು, ಮೀಸೆ ಹೊತ್ತ ಗಂಡಸರು, ಎಲ್ಲ ಅದೇ. ನಾನು ಬೈತಿದ್ದೆ. ಕನ್ನಡಕ ಹಾಕ್ಕೊಂಡೋರು ಮೂಗು ಮುಚ್ಕೊಂಡು ಓಡಾಡ್ತಾರೇನ್ರೀ ಅಂತಿದ್ದೆ." ಅಚ್ಚಿನಕ್ಕ ನಗುವುದಿಲ್ಲ. "ಹೇಳೋದು ಸುಲಭ ಇತ್ತು."

ಹುಡುಗಿಯ ಅಮ್ಮ ಬಸ್ ಕಂಡಕ್ಟರು. ಮಗಳ ಹೊಸ ಅಚ್ಚು ಸೀಟಿ ಹೊಡೆಯುತ್ತಿದೆ ಎಂದು ಮೊದಲ ಸಲ ಬಂದಾಗ ಅಚ್ಚಿನಕ್ಕ ಅದನ್ನು ಹುಡುಗಿಯ ಕಿವಿಗೆ ಹಾಕಿ, ಹತ್ತಿರ ಬಗ್ಗಿ ಆಲಿಸಿದರು. ಏನೂ ಇಲ್ಲ. ಹಾಕುವಾಗ ಸ್ವಲ್ಪ ತಿರುಚಿ ಹಾಕಮ್ಮಾ ಎಂದು ಕಳಿಸಿದರು. ಎರಡನೇ ಸಲ ಬಂದಾಗ ಬೆಂಚಿನ ತುಂಬ ಜನ. ಮತ್ತೆ ಹಾಕಿ ನೋಡಿದರು, ಮತ್ತೆ ಏನೂ ಇಲ್ಲ. ಕೆಲಸದ ಒತ್ತಡ, ನಾಲಿಗೆ ಹರಿಬಿಟ್ಟರು. "ಟಿಕೆಟ್ ಹರಿದು ಕೊಟ್ಟಷ್ಟು ಸುಲಭ ಅಲ್ಲಮ್ಮ ಇದು, ಮಗು ಸಾಕೋದು. ಗಮನ ಇಟ್ಟು ಹಾಕ್ಬೇಕು" ಎಂದರು. ಬೆಂಚಿನವರು ನಕ್ಕರು.

ಕಂಡಕ್ಟರು ಸುಮ್ಮನಿರಲಿಲ್ಲ. "ಸೀಟಿ ಯಾವ್ದು ಅಂತ ನನಗೆ ಹೇಳ್ಕೊಡ್ತೀರಾ? ನನ್ನ ಹೊಟ್ಟೆಪಾಡೇ ಸೀಟಿ" ಎಂದು ಮಗಳ ಕೈ ಹಿಡಿದು ಹೊರಟುಹೋದರು.

ಮೂರನೆಯ ಸಲ ಒಬ್ಬರೇ ಬಂದರು. ಯಂತ್ರವನ್ನು ಮೇಜಿನ ಮೇಲಿಟ್ಟು, ಮಗಳು ಇದನ್ನು ಕಿವಿಗೆ ಹಾಕಲು ಬಿಡುತ್ತಿಲ್ಲ, ಶಾಲೆಗೆ ಕಳಿಸಿದರೆ ಕಾಲುಚೀಲದೊಳಗೆ ತುರುಕಿಕೊಂಡು ವಾಪಸ್ ತರುತ್ತಾಳೆ ಎಂದರು. ಮಾತು ಕಲಿಯುವ ವಯಸ್ಸಿನ ಮಗು ಕಿವಿ ಮುಚ್ಚಿಕೊಂಡು ಕೂತರೆ ಏನು ಕಳೆದುಹೋಗುತ್ತದೆಂದು ಆ ಕೋಣೆಯಲ್ಲಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಯಂತ್ರದ ಬ್ಯಾಟರಿ ನೋಡಲು ಇಲ್ಲಿನವರು ಅದನ್ನು ಚಾಲೂ ಮಾಡಿ ಮುಷ್ಟಿಯೊಳಗೆ ಮುಚ್ಚಿ ಹಿಡಿಯುತ್ತಾರೆ. ಬ್ಯಾಟರಿ ಇದ್ದರೆ ಕಿರುಚಬೇಕು. ಅಚ್ಚಿನಕ್ಕ ಮುಚ್ಚಿ ಹಿಡಿದರು. ಸದ್ದಿಲ್ಲ. ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದರು. ಆಗಲೂ ಸದ್ದಿಲ್ಲ. "ಮಿಷಿನ್ನೇ ಕೆಟ್ಟಿದೆ. ನೀರಿಗೆ ಹಾಕಿರ್ಬೇಕು ನಿಮ್ಮ ಹುಡುಗಿ" ಎಂದು ತಲೆಯೆತ್ತಿದರು. ಬೆಂಚಿನ ಮೇಲಿದ್ದ ಮುದುಕರೊಬ್ಬರು ಕಿವಿಗೆ ಬೆರಳು ಇಟ್ಟುಕೊಂಡಿದ್ದರು. ಒಂದು ಕೂಸು ಮುಖ ಕಿವುಚಿ ಅಳಲು ಶುರು ಮಾಡಿತ್ತು. ಎಲ್ಲರ ಕಣ್ಣೂ ಅವರ ಮುಷ್ಟಿಯ ಮೇಲೆ.

"ಅಕ್ಕಾ," ಎಂದರು ಕಂಡಕ್ಟರು, "ನಿಜವಾಗ್ಲೂ ಕೇಳಿಸ್ತಾ ಇಲ್ವಾ ನಿಮಗೆ?"

"ಬೈದಿದ್ರೆ ಬೈಸ್ಕೊಂಡಿರ್ತಿದ್ದೆ," ಎನ್ನುತ್ತಾರೆ ಅಚ್ಚಿನಕ್ಕ. "ಮೆತ್ತಗೆ ಕೇಳಿದ್ಲು ನೋಡಿ, ಅದು ತಡ್ಕೊಳ್ಳೋಕಾಗ್ಲಿಲ್ಲ. ಆಗಾದ್ರೂ ಒಪ್ಕೋಬೇಕಿತ್ತು. ಕೇಳುತ್ತೆ ಕೇಳುತ್ತೆ, ಗಲಾಟೇಲಿ ಗೊತ್ತಾಗ್ಲಿಲ್ಲ ಅಂದೆ. ಸುಳ್ಳು. ಆ ಕೂಸೊಂದು ಬಿಟ್ರೆ ಕೋಣೇಲಿ ಯಾರೂ ಉಸಿರೂ ಬಿಡ್ತಿರ್ಲಿಲ್ಲ."

ಮನೆಗೆ ಹೋಗಿ ಜ್ವರವೆಂದು ಮಲಗಿದರು. ಯಜಮಾನರು ಗಂಜಿ ಕಾಯಿಸಿಕೊಟ್ಟು ಹಣೆ ಮುಟ್ಟಿ ನೋಡಿದರು, ಜ್ವರವಿರಲಿಲ್ಲ. ಹೆಂಡತಿಗೆ ಕೇಳಿಸದಿರುವುದು ಅವರಿಗೇನೂ ಹೊಸತಲ್ಲ. "ಕರೆದ್ರೆ ಓ ಅನ್ನಲ್ಲ. ಜಾಣಕಿವುಡು ಅಂದ್ಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಎಲ್ಲ ಮನೇಲೂ ಅದು ಇದ್ದದ್ದೇ ಅಲ್ವಾ?" ಎಂದು ಅವರು ನಗುತ್ತಾರೆ, ಹೆಂಡತಿಯ ಮುಖ ನೋಡಿ ನಗು ನುಂಗಿಕೊಳ್ಳುತ್ತಾರೆ. ಅಚ್ಚಿನಕ್ಕನಿಗೆ ಬಸ್ಸಿನ ಸದ್ದು, ಗಂಡಸರ ದನಿ, ಬಾಗಿಲು ಬಡಿದದ್ದು ಎಲ್ಲ ಕೇಳುತ್ತಿತ್ತು. ಕೀಚಲು ಸದ್ದುಗಳಷ್ಟೇ ಒಂದೊಂದಾಗಿ ಹೊರಟುಹೋಗಿದ್ದವು. "ಈಗೀಗ ಊರಲ್ಲಿ ಹಕ್ಕಿಗಳೇ ಇಲ್ಲ ಅಂತ ಎಲ್ಲರ ಜೊತೆ ನಾನೂ ಬೇಜಾರು ಮಾಡ್ಕೋತಿದ್ದೆ. ಹಕ್ಕಿ ಇದ್ವು."

ಕೇಂದ್ರದ ಶ್ರವಣತಜ್ಞೆ, ಮಗಳ ವಯಸ್ಸಿನವರಾದರೂ ಎಲ್ಲರಿಗೂ ಮೇಡಂ, ಮೂರು ದಿನ ಬಿಟ್ಟು ಫೋನು ಮಾಡಿದರು. ಯಾರೂ ಬರುವ ಮುಂಚೆ ಬನ್ನಿ, ನೋಡೇಬಿಡೋಣ ಎಂದರು. ನಿಶ್ಶಬ್ದ ಕೋಣೆಯೊಳಗೆ ಅಚ್ಚಿನಕ್ಕ ರೋಗಿಯಾಗಿ ಕೂತದ್ದು ಅದೇ ಮೊದಲು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಗಾಜಿನಾಚೆ ಮೇಡಂ ಕೈ ಅಲುಗಿದಾಗಲೆಲ್ಲ ಅಚ್ಚಿನಕ್ಕ ಒತ್ತಿದರು. ಮೇಡಂ ಎದ್ದು ಬಂದು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದರು.

"ಆ ಹುಡುಗಿ ಎದುರಿಗೆ ಕಾಪಿ ಹೊಡೆದು ಸಿಕ್ಕಿಬಿದ್ದಂಗಾಯ್ತು. ಅವಳು ಓದು ಮುಗಿಸಿ ಬಂದಾಗ, ಅಳತೆ ತೆಗೆಯೋ ಮುಂಚೆ ಕಿವಿಗೆ ಹತ್ತಿ ಎಷ್ಟು ಆಳಕ್ಕೆ ಇಡ್ಬೇಕು ಅಂತ ಕೈ ಹಿಡಿದು ತೋರಿಸಿದ್ದು ನಾನೇ ಕಣ್ರೀ."

ಮೋಟಾರಿನ ಸದ್ದೇ ಕಿವಿಯನ್ನು ತಿಂದದ್ದು. ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಸದ್ದು ತಡೆಯುವ ಬಿರಡೆಗಳನ್ನೂ ಅಚ್ಚಿನಕ್ಕ ಇದೇ ಮೇಜಿನ ಮೇಲೆ ಮಾಡಿಕೊಡುತ್ತಾರೆ. ತಮಗೆಂದು ಒಂದು ಜೊತೆ ಮಾಡಿಕೊಂಡಿರಲಿಲ್ಲ. ದೀಪದ ಬುಡ ಕತ್ತಲೆ ಎಂದು ನಾನು ಅನ್ನುವ ಮೊದಲು ಅವರೇ ಅಂದುಕೊಂಡರು.

ತನ್ನ ಕಿವಿಯ ಅಳತೆ ತಾನೇ ತೆಗೆಯಲಾಗುವುದಿಲ್ಲ. ಮೇಡಂ ತೆಗೆದರು. ತಣ್ಣನೆಯ ಹಿಟ್ಟಿನಂಥದ್ದು ಕಿವಿಯೊಳಗೆ ತುಂಬಿ ಗಟ್ಟಿಯಾಗುವ ತನಕ ಕದಲದೆ ಕೂತಿದ್ದಾಗ, ಇಷ್ಟು ವರ್ಷ ಮಕ್ಕಳಿಗೆ ಅಲ್ಲಾಡಬೇಡ ಎಂದು ಗದರಿದ್ದೆಲ್ಲ ನೆನಪಾಯಿತಂತೆ. ಕಿವಿಯ ಹಿಂದೆ ಕೂರುವ ಯಂತ್ರವೇ ಇವರಿಗೆ ಸರಿ ಎಂದರು ಮೇಡಂ. ಅಚ್ಚಿನಕ್ಕ ದನಿ ತಗ್ಗಿಸಿ ಕೇಳಿದರು: "ಒಳಗೇ ಕೂರೋದು ಆಗಲ್ವಾ? ಕಾಣಿಸದ ಹಾಗೆ?" ಆಗಲ್ಲ ಎಂದಾಗ ಮನೆಗೆ ಬಂದು ಜಡೆ ಬಿಚ್ಚಿ, ಎರಡೂ ಕಿವಿ ಮುಚ್ಚುವಂತೆ ಕೂದಲನ್ನು ಕೆಳಕ್ಕೆ ಬಾಚಿಕೊಂಡರು.

ಆಮೇಲಿನ ಕೆಲಸ, ಕಂಡಕ್ಟರನ್ನು ಹುಡುಕುವುದು. ಬೆಂಚಿನ ಜನರ ಮುಂದೆ ಆಡಿದ ಮಾತನ್ನು ಜನರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು ಎಂದು ಬಸ್ಸನ್ನೇ ಹತ್ತಿದರು.

"ಟಿಕೆಟ್ ತಗೊಳ್ಳಿ ಮೊದ್ಲು" ಎಂದರು ಕಂಡಕ್ಟರು.

ಟಿಕೆಟ್ ಕೈಯಲ್ಲಿ ಹಿಡಿದು, ಕಂಬಕ್ಕೆ ಒರಗಿ, ಅಚ್ಚಿನಕ್ಕ ಹೇಳಿದರು. ತಪ್ಪು ನಿಮ್ಮದಲ್ಲ, ನಿಮ್ಮ ಮಗಳದೂ ಅಲ್ಲ, ನನ್ನ ಕಿವಿ ಹೋಗಿದೆ, ಗೊತ್ತಾದ ಮೇಲೂ ಸುಳ್ಳು ಹೇಳಿದೆ, ಎಂದು. ಹೇಳುತ್ತ ಅತ್ತರು. ಹಿಂದಿನ ಸೀಟಿನವನೊಬ್ಬ, "ಟಿಕೆಟ್ಟಿಲ್ದೆ ಹತ್ತಿದ್ದಕ್ಕೆ ಇಷ್ಟೊಂದು ಅಳಿಸ್ಬೇಡಮ್ಮ ಪಾಪ" ಎಂದ.

"ನನಗೆ ಹೇಳಿ ಏನು ಮಾಡ್ತೀರಿ?" ಎಂದರು ಕಂಡಕ್ಟರು, ಮುಂದಿನ ಸ್ಟಾಪಿಗೆ ಕೈ ಚಾಚುತ್ತ. "ನಿಮ್ಮಮ್ಮನ ಸೀಟಿ ನಿನ್ನ ಕಿವೀಲಿದೆ ಅಂತಾವೆ ಶಾಲೆ ಹುಡುಗ್ರು. ಅವಳ ಹೆಸರೇ ಈಗ ಸೀಟಿ. ಮಿಷಿನ್ ಮುಟ್ಟಲ್ಲ. ಹೇಳೋದಿದ್ರೆ ಅವಳಿಗೆ ಹೇಳಿ."

ಅಳತೆ ಕೊಡಲು ಬಂದ ದಿನ ಹುಡುಗಿ ಅಚ್ಚಿನಕ್ಕನ ಮುಖ ನೋಡಲಿಲ್ಲವಂತೆ. ಗೋಡೆ ನೋಡುತ್ತ ಕೂತು, ಗೋಡೆ ನೋಡುತ್ತ ಎದ್ದು ಹೋದಳು. ಇವತ್ತು ಅಚ್ಚು ಹಾಕಿಸಿಕೊಳ್ಳುವ ದಿನ.

ಬಿಸಿಲು ಕಾರಿಡಾರಿಗೆ ಬರುವ ಹೊತ್ತಿಗೆ ಅವರಿಬ್ಬರೂ ಬರುತ್ತಾರೆ. ಅಮ್ಮ ಸಮವಸ್ತ್ರದಲ್ಲಿ, ಮಗಳು ಶಾಲೆಯ ಚೀಲ ಬೆನ್ನಿಗೇರಿಸಿ. ಬೆಳಗಿನ ಹೊತ್ತು ಮಕ್ಕಳನ್ನು ಹೊರಡಿಸಿದವರಿಗೆಲ್ಲ ಗೊತ್ತಿರುವ ಮುಖ ಇಬ್ಬರದ್ದೂ: ಈಗಷ್ಟೇ ಒಂದು ಜಗಳ ಮುಗಿದಿದೆ, ಇನ್ನೊಂದು ಬಾಕಿಯಿದೆ. ಅಚ್ಚಿನಕ್ಕ ಅಚ್ಚು ಕೂರಿಸಿ, ಯಂತ್ರ ಚಾಲೂ ಮಾಡಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.

"ನೀವು ಕೇಳಿ ಹೇಳಿ. ಸೀಟಿ ಬರ್ತಿದ್ಯಾ?"

ಈಗ ಎಲ್ಲರನ್ನೂ ಹೀಗೇ ಕೇಳುತ್ತಾರೆ. ಯಂತ್ರ ಹಾಕಿಕೊಂಡರೂ ಆ ಸದ್ದು ತನಗೆ ಪೂರ್ತಿ ಸಿಗುವುದಿಲ್ಲ ಎಂದು ಬೆಂಚಿನವರಿಗೆಲ್ಲ ಹೇಳಿಬಿಟ್ಟಿದ್ದಾರೆ. ಕೆಲವರು ಅದನ್ನು ಕೇಳಿ ಎದ್ದು ಹೋದದ್ದೂ ಉಂಟು. ಕಂಡಕ್ಟರು ಬಗ್ಗಿ ಆಲಿಸುತ್ತಾರೆ. ಮಗಳಿಗೆ ಬಿಸ್ಕತ್ತು ಕೊಟ್ಟು ಅಗಿಯಲು ಹೇಳುತ್ತಾರೆ, ಆ ಕಡೆ ಈ ಕಡೆ ತಿರುಗಿಸುತ್ತಾರೆ. ತುಂಬಾ ಹೊತ್ತು ಕಾಯಿಸಿ, "ಇಲ್ಲ" ಎನ್ನುತ್ತಾರೆ. ಅಷ್ಟೇ.

ಹುಡುಗಿಯ ಕೈ ಮಾತ್ರ ಆಗಲೇ ಕಿವಿಯ ಹತ್ತಿರ ಹೋಗಿದೆ, ಕಿತ್ತು ತೆಗೆಯಲು. ಅಚ್ಚಿನಕ್ಕ ಅವಳ ಎದುರು ಮಂಡಿಯೂರಿ ಕೂರುತ್ತಾರೆ. ಬಲಗಡೆಯ ಕೂದಲನ್ನು ಮೇಲಕ್ಕೆತ್ತುತ್ತಾರೆ. ಹುಡುಗಿ ನೋಡುತ್ತಾಳೆ. ಎಡಗಡೆಯದನ್ನು ತಾನೇ ಎತ್ತಿ ನೋಡುತ್ತಾಳೆ.

"ಯಾಕೆ ಮುಚ್ಚಿದೀಯ?"

ಮಾತು ತುಸು ತೊದಲು, ಆದರೆ ಕೋಣೆಗೆಲ್ಲ ಕೇಳುವಷ್ಟು ಜೋರು.

"ನಾಚಿಕೆ" ಎನ್ನುತ್ತಾರೆ ಅಚ್ಚಿನಕ್ಕ.

"ನಂಗೂ" ಎನ್ನುತ್ತಾಳೆ ಹುಡುಗಿ.

ಕಂಡಕ್ಟರು ಕಿಟಕಿಯ ಕಡೆ ತಿರುಗುತ್ತಾರೆ. ಹುಡುಗಿ ಕೈ ಕೆಳಗಿಳಿಸಿ, ಶಾಲೆಯ ಗೇಟಿನ ತನಕ ಹಾಕಿಕೊಂಡಿರುತ್ತೇನೆ ಎಂದು ಅಮ್ಮನ ಹತ್ತಿರ ಚೌಕಾಸಿ ಮಾಡುತ್ತಾಳೆ. "ಗೇಟಿನ ತನಕ ಅಂದ್ರೆ ಗೇಟಿನ ತನಕ. ನಡಿ, ಡ್ಯೂಟಿಗೆ ಹೊತ್ತಾಯ್ತು" ಎನ್ನುತ್ತಾರೆ ಅಮ್ಮ. ಬಾಗಿಲು ದಾಟುವಾಗ ಇಬ್ಬರೂ ಹಿಂತಿರುಗಿ ನೋಡುವುದಿಲ್ಲ.

ಅಚ್ಚಿನಕ್ಕ ನೆಲದಿಂದ ಏಳುತ್ತ ಕೂದಲನ್ನು ಮತ್ತೆ ಕಿವಿಯ ಮೇಲೆ ಇಳಿಬಿಟ್ಟುಕೊಳ್ಳುತ್ತಾರೆ. ನಾನು ನೋಡಿದೆನೆಂದು ತಿಳಿದು ತಲೆ ತಗ್ಗಿಸುತ್ತಾರೆ. ನಿಮ್ಮದೊಂದು ಫೋಟೊ ಬೇಕಿತ್ತು ಎನ್ನುತ್ತೇನೆ.

"ಮಕ್ಕಳ ಕಿವಿ ಬೆಳೀತಾನೇ ಇರುತ್ತೆ. ನಾಲ್ಕೈದು ತಿಂಗಳಿಗೆ ಆ ಅಚ್ಚು ಸಡಿಲ ಆಗುತ್ತೆ, ಅವಳು ಮತ್ತೆ ಬರ್ಲೇಬೇಕು. ಅಷ್ಟರೊಳಗೆ ಕೂದಲು ಎತ್ತಿ ಕಟ್ಟೋದು ಕಲಿತ್ಕೋಬೇಕು ಅಂತ ಆಸೆ. ಫೋಟೊ ಆವಾಗ ತೆಗೀರಿ. ಈಗ ಬೇಡ."