ಒಳಗಿನ ಟೈರು

ದಿನವೂ ಬೆಳಿಗ್ಗೆ ಗಾಡಿಯಿಂದ ಇಳಿದವನೇ, ಮುಖ ತೊಳೆಯುವುದಕ್ಕೂ ಮೊದಲು, ಮರದ ಕೊಡತಿ ಹಿಡಿದು ಹಿಂದಿನ ಟೈರುಗಳನ್ನು ಬಡಿಯುವುದು ಅವನ ಅಭ್ಯಾಸ.

ಗಾಡಿ ಎಂದರೆ ಅದೇ ಅವನ ಮನೆ. ಮೂವತ್ತನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿ ಸಾಕಾದ ಮೇಲೆ ಒಂದು ಹಳೆಯ ಲಾರಿ ಕೊಂಡು, ಅದರ ಬೆನ್ನ ಮೇಲೆ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಕೂರಿಸಿದ್ದ. ಕಿಟಕಿ ಎಲ್ಲಿರಬೇಕು ಎಂದು ಹೇಳಿದವಳು ಹೆಂಡತಿ. “ಇಷ್ಟು ವರ್ಷ ನೀವು ಊರೂರು ನೋಡಿದ್ರಿ, ನಾನು ಎದುರುಮನೆ ಗೋಡೆ ನೋಡಿದೆ. ಇನ್ಮೇಲೆ ನನಗೂ ಒಂದು ಕಿಟಕಿ ಇರ್ಲಿ” ಎಂದಿದ್ದಳು. ಆರು ವರ್ಷ ಇಬ್ಬರೂ ಸುತ್ತಿದರು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಕಿಟಕಿಯ ಪರದೆಯನ್ನು ಅವನು ಈಗಲೂ ಬೆಳಿಗ್ಗೆ ಸರಿಸುತ್ತಾನೆ, ಸಂಜೆ ಎಳೆಯುತ್ತಾನೆ. ಹೊರಗೆ ಏನಿದೆ ಎಂದು ನೋಡುವುದಿಲ್ಲ.

ಗಾಡಿಯ ಹಿಂಭಾಗದಲ್ಲಿ ಒಂದೊಂದು ಬದಿಗೂ ಜೋಡಿ ಟೈರು. ಹೊರಗಿನದು ಕಣ್ಣಿಗೆ ಕಾಣುತ್ತದೆ, ಒಳಗಿನದು ಅದರ ಮರೆಯಲ್ಲಿರುತ್ತದೆ. ಒಳಗಿನದರ ಗಾಳಿ ಹೋದರೂ ಹೊರಗಿನದು ಎರಡರ ಭಾರವನ್ನೂ ಹೊತ್ತು ಸುಮ್ಮನೆ ನಿಂತಿರುತ್ತದೆ. ಅದಕ್ಕೇ ಲಾರಿಯವರು ಬಡಿದು ನೋಡುತ್ತಾರೆ. ಗಾಳಿ ತುಂಬಿದ್ದು ಠಣ್ ಎನ್ನುತ್ತದೆ, ಸೊರಗಿದ್ದು ದೊಪ್ ಎನ್ನುತ್ತದೆ.

ಆದರೆ ಎಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದ ಅವನಿಗೆ ಠಣ್ ಯಾವುದು, ದೊಪ್ ಯಾವುದು ತಿಳಿಯದಂತಾಗಿ ಬಹಳ ಕಾಲವಾಗಿತ್ತು. ಅದು ಗೊತ್ತಿದ್ದವಳು ಹೆಂಡತಿಯೊಬ್ಬಳೇ. ಆ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವನು ಬಡಿಯುವ ಹೊತ್ತಿಗೆ ಸರಿಯಾಗಿ ಅವಳು ಲೋಟ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ನಾಲ್ಕನ್ನೂ ಬಡಿದು ಅವನು ತಿರುಗಿದರೆ, “ಸರಿ ಇದೆ” ಎಂದು ತಲೆಯಾಡಿಸುವಳು. ಅವನು ಜೋರಾಗಿ ಬಡಿದ ದಿನ, “ಗಾಳಿ ಗುದ್ದಿ ಮೈ ನೋಯಿಸ್ಕೋಬೇಡಿ ರೀ” ಎನ್ನುವಳು. ಕೈ ಅವನದು, ಕಿವಿ ಅವಳದು.

ಅವಳು ಹೋದ ಮೇಲೂ ಅವನು ಬಡಿಯುವುದನ್ನು ಬಿಡಲಿಲ್ಲ. ಬಡಿದು, ಖಾಲಿ ಮೆಟ್ಟಿಲ ಕಡೆ ತಿರುಗಿ, “ಸರಿ ಇದೆ” ಎಂದು ತಾನೇ ಹೇಳಿಕೊಂಡು ಹೊರಡುತ್ತಿದ್ದ.

ತಂಗಿ ಮಾತ್ರ ಫೋನು ಮಾಡಿದಾಗಲೆಲ್ಲ ಒಂದೇ ರಾಗ ಹಾಡುತ್ತಿದ್ದಳು. “ಸಾಕಣ್ಣ ಅಲೆದಿದ್ದು. ಆ ಚಕ್ರ ಬಿಚ್ಚಿ ನಮ್ಮ ಹಿತ್ತಲಲ್ಲಿ ನಿಲ್ಲಿಸು.” ಅವಳು ಕೂಗಿ ಹೇಳಿದ್ದರಲ್ಲಿ ಅರ್ಧ ಅವನಿಗೆ ಮುಟ್ಟುತ್ತಿತ್ತು. ಒಮ್ಮೆ ಬೇಸತ್ತು ಮಾತು ಕೊಟ್ಟುಬಿಟ್ಟಿದ್ದ: “ಚಕ್ರ ನೋಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಅಂದ ದಿನ ಬರ್ತೀನಿ.”

ಹಿಂದಿನ ಟೈರುಗಳು ಸವೆದಿದ್ದವು. ಹೆದ್ದಾರಿಯ ಪಕ್ಕದ ಟೈರ್ ಅಂಗಡಿಯೊಂದರ ಮುಂದೆ ಅವನು ಗಾಡಿ ನಿಲ್ಲಿಸಿದ. ಅಂಗಡಿ ನಡೆಸುತ್ತಿದ್ದವಳು ನಲವತ್ತು ದಾಟಿದ ಹೆಂಗಸು, ಮೊಣಕೈವರೆಗೂ ಕಪ್ಪು.

“ಜೋಡಿನೇ ಹಾಕ್ಲಾ, ಇಲ್ಲ ಅಗಲದ ಒಂಟಿ ಟೈರಾ? ಮನೆಗಾಡಿಯವ್ರು ಈಗ ಅದನ್ನೂ ಕೇಳ್ತಾರೆ” ಎಂದಳು.

“ಜೋಡಿನೇ ಹಾಕಮ್ಮ.”

ಅವಳು ಜಾಕಿ ಏರಿಸಿ ಎಡಗಡೆಯ ಹೊರಗಿನ ಟೈರು ಬಿಚ್ಚಿದಳು. ಬಗ್ಗಿ ಒಳಗೆ ನೋಡಿದಳು. ಆಮೇಲೆ ಅವನನ್ನು ಕೈಸನ್ನೆಯಿಂದ ಕರೆದಳು. ಒಳಗಿನ ಟೈರಿನ ಪಕ್ಕೆ ಸೀಳಿ, ತಂತಿಗಳು ಹೊರಬಂದು, ಹರಿದ ಚಪ್ಪಲಿಯ ಹಾಗೆ ರಿಮ್ಮಿಗೆ ಜೋತುಬಿದ್ದಿತ್ತು.

“ಇದು ಸತ್ತು ತಿಂಗಳುಗಟ್ಟಲೆ ಆಗಿದೆ ಯಜಮಾನ್ರೇ. ಹೊರಗಿಂದು ಒಂದೇ ಎಳ್ಕೊಂಡು ಬಂದಿದೆ. ದೇವರ ದಯೆ ಅನ್ನಿ. ಆದ್ರೆ ದೇವರಿಗೂ ಬೇರೆ ಕೆಲಸ ಇರುತ್ತೆ. ಬಡಿದು ನೋಡೋದಿಲ್ವಾ?”

“ದಿನಾ ಬಡೀತೀನಿ.”

ಅವಳು ಅವನ ಮುಖ ನೋಡಿದಳು. ಬೆನ್ನು ತಿರುಗಿಸಿ ಏನೋ ಹೇಳಿದಳು. ಅವನು ಉತ್ತರ ಕೊಡಲಿಲ್ಲ. ಮತ್ತೆ ತಿರುಗಿ, ತುಟಿ ಕಾಣುವ ಹಾಗೆ ಕೇಳಿದಳು: “ಕೇಳಿಸಲ್ಲ, ಅಲ್ವಾ?”

ಎಂಟು ವರ್ಷ ಯಾರಿಗೂ ಹೇಳದ್ದನ್ನು ಗುರುತಿಲ್ಲದ ಹೆಂಗಸಿಗೆ ಹೇಳುವುದು ಸುಲಭವಾಗಿರಲಿಲ್ಲ. “ನಮ್ಮನೆಯವಳಿಗೆ ಕೇಳಿಸ್ತಿತ್ತು” ಎಂದಷ್ಟೇ ಅಂದ. ತಂಗಿಯ ಹಿತ್ತಲು, ಚಕ್ರವಿಲ್ಲದೆ ಇಟ್ಟಿಗೆಯ ಮೇಲೆ ಕೂತ ಗಾಡಿ, ಗೋಡೆಗೆ ತೆರೆದುಕೊಂಡ ಹೆಂಡತಿಯ ಕಿಟಕಿ, ಎಲ್ಲ ಕಣ್ಣ ಮುಂದೆ ಬಂದವು.

ಅಂಗಡಿಯವಳು ಒಂದು ಟೈರನ್ನು ಅಡ್ಡ ಹಾಕಿ ಅವನನ್ನು ಕೂರಿಸಿ, ತಾನೂ ಎದುರು ಕೂತಳು. “ನೋಡಿ, ಜೋಡಿ ಟೈರಲ್ಲಿ ಒಂದು ಹೋದ್ರೆ ಇನ್ನೊಂದು ಪಕ್ಕದೂರಿಗಾದ್ರೂ ಮುಟ್ಟಿಸುತ್ತೆ. ಆದ್ರೆ ಹೋಗಿರೋದು ಗೊತ್ತಾಗ್ಬೇಕಲ್ಲ. ಒಂಟಿಗೆ ಅಡಗಿ ಕೂರೋಕೆ ಜಾಗ ಇಲ್ಲ. ಕಣ್ಣಿದ್ರೆ ಸಾಕು. ಆದ್ರೆ ಅದು ಹೋಯ್ತು ಅಂದ್ರೆ ಗಾಡಿ ನಿಂತಲ್ಲೇ. ಸ್ಟೆಪ್ನಿ ನಿಮ್ಮೊಬ್ಬರ ಕೈಲಿ ಎತ್ತೋಕಾಗಲ್ಲ. ಯಾರನ್ನಾದ್ರೂ ಕರೀಬೇಕು.”

“ಭಾರ ತಡೆಯುತ್ತಾ?”

“ತೂಕ ಹಾಕಿಸಿ ನೋಡೋಣ. ಇಬ್ಬರ ಸಂಸಾರ ಆಗಿದ್ರೆ ಬೇಡ ಅಂತಿದ್ದೆ.” ಅಂದವಳೇ ನಾಲಿಗೆ ಕಚ್ಚಿಕೊಂಡಳು.

ತೂಕ ಹಾಕಿಸಿದರು. ತಡೆಯುತ್ತಿತ್ತು. ತಡೆಯದಿದ್ದರೆ ಜೋಡಿಯನ್ನೇ ಉಳಿಸಿಕೊಳ್ಳಬಹುದಿತ್ತು ಎಂದು ಒಂದು ಕ್ಷಣ ಅವನಿಗೆ ಅನ್ನಿಸಿತು.

“ಒಂಟಿದೇ ಹಾಕು” ಎಂದ.

“ಕೆಟ್ಟು ನಿಂತ್ರೆ ಕರೀತೀರಾ ಯಾರನ್ನಾದ್ರೂ?”

“ಕರೀತೀನಿ.”

“ನಿಮ್ಮ ಮುಖ ನೋಡಿದ್ರೆ ನಂಬಿಕೆ ಬರಲ್ಲ. ಈಗ್ಲೇ ಒಬ್ಬರನ್ನ ಕರೀರಿ ನೋಡೋಣ.”

ಅವನು ತಂಗಿಗೆ ಫೋನು ಮಾಡಿದ. ಟೈರು ಸೀಳಿದ್ದು, ತನಗೆ ಕಿವಿ ಕೇಳದಿರುವುದು, ಈಗ ಒಂಟಿ ಟೈರು ಹಾಕಿಸುತ್ತಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಫೋನನ್ನು ಅಂಗಡಿಯವಳ ಕೈಗೆ ಕೊಟ್ಟ. “ಅವಳು ಏನಂತಾಳೆ ಕೇಳಿ ಹೇಳಮ್ಮ.”

ಅಂಗಡಿಯವಳು ಬಹಳ ಹೊತ್ತು ಕೇಳಿಸಿಕೊಂಡಳು. “ಮೊದ್ಲು ಬೈದ್ರು. ಆಮೇಲೆ ಅತ್ರು. ಈಗ, ದಿನಾ ಟೈರಿನ ಫೋಟೋ ಕಳಿಸ್ಬೇಕಂತೆ. ಒಂದಿನ ತಪ್ಪಿದ್ರೂ ಹಿತ್ತಲು ಕಾದಿದೆಯಂತೆ.”

ಮಾರನೆಯ ಬೆಳಿಗ್ಗೆ ಅವನು ಯಾವುದೋ ಕೆರೆಯ ದಂಡೆಯಲ್ಲಿ ಗಾಡಿಯಿಂದ ಇಳಿದ. ಕೈಯಲ್ಲಿ ಕೊಡತಿ ಇತ್ತು. ಬಡಿಯಲು ಎತ್ತಿದವನು ಇಳಿಸಿದ. ಬಗ್ಗಿ ಒಂದು ಬದಿ ನೋಡಿದ, ಸುತ್ತಿ ಬಂದು ಇನ್ನೊಂದು ಬದಿ ನೋಡಿದ. ಎರಡೂ ತುಂಬಿಕೊಂಡು ನಿಂತಿದ್ದವು. ಫೋಟೋ ತೆಗೆದು ಕಳಿಸಿದ. ಆಮೇಲೆ ಮೆಟ್ಟಿಲ ಬಳಿ ಬಂದು, ಅವಳು ಕೂರುತ್ತಿದ್ದ ಜಾಗ ಬಿಟ್ಟು, ಅದರ ಪಕ್ಕದಲ್ಲಿ ಕೂತ.

“ಸರಿ ಇದೆ” ಎಂದು ಅವಳಿಗೆ ಹೇಳಿದ.