ಕಾಲಿನ ಬಾಣಂತನ

ಧಾರವಾಡದ ಬಸ್ಸು ಹಿಡಿಯಲು ನಮ್ಮೂರು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಓಡಿದೆ. ಬಸ್ಸು ಹೋಯಿತು, ನಾನು ಬಿದ್ದೆ. ಐವತ್ತು ದಾಟಿದ ಹೆಂಗಸು ಹಾಗೆ ಸೀರೆ ಎತ್ತಿ ಹಿಡಿದು ಓಡಬಾರದು ಎಂದು ಆಮೇಲೆ ಎಲ್ಲರೂ ಹೇಳಿದರು. ಓಡುವಾಗ ಯಾರೂ ಹೇಳಲಿಲ್ಲ. ಬಲಗಾಲಿನ ಹರಡು, ಅಂದರೆ ಪಾದದ ಕೀಲು, ಮುರಿದಿತ್ತು. ಧಾರವಾಡದಲ್ಲಿ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಕೂಡಿಸಿ ಪ್ಲಾಸ್ಟರ್ ಹಾಕಿದರು. ಗಣಪತಿ ಹಬ್ಬ ಆಗಷ್ಟೇ ಮುಗಿದಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ನನಗೆ ಇದ್ದದ್ದು ಒಂದೇ ಚಿಂತೆ: ಎಳ್ಳಮಾವಾಸ್ಯೆಯ ಹೊತ್ತಿಗೆ ಈ ಕಾಲು ನೆಲಕ್ಕೆ ಹತ್ತುತ್ತದೋ ಇಲ್ಲವೋ?

ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಚರಗ. ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಹೊಲದ ಸುತ್ತ ನಡೆಯುತ್ತ ಬೆಳೆಗೆ ಚೆಲ್ಲುತ್ತೇವೆ. ಬಸುರಿ ಭೂಮಿಗೆ ಬಯಕೆಯ ಊಟ ಅದು. ಬುಟ್ಟಿ ಹಿಡಿದವರು ಮುಂದೆ ನಡೆದು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರುವವರು "ಚಲ್ಲಂಬ್ರಿಗೋ" ಎನ್ನಬೇಕು. ಬೇರೆ ಮನೆಗಳಲ್ಲಿ ಗಂಡಸರು ಬುಟ್ಟಿ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಹಿರಿಯ ಸೊಸೆ, ಅದೂ ಬರಿಗಾಲಲ್ಲಿ. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಆ ಬುಟ್ಟಿ ನನ್ನದಾಯಿತು. ಹಬ್ಬ ಹರಿದಿನಗಳಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬಂದು ಗಂಟಲು ಬಿಚ್ಚಿ ಕೂಗುವ ಹಕ್ಕು ನನಗಿರುವುದು ಅದೊಂದೇ ದಿನ. ಅದನ್ನು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಆದರೆ ಮನೆಗೆ ಬಂದ ದಿನವೇ ಅತ್ತೆ ನನ್ನನ್ನು ಮೂಲೆಯ ಕೋಣೆಗೆ ಸೇರಿಸಿದರು. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಲಗಿದರೆ ಅದಕ್ಕೆ ಅವರಿಗೆ ಗೊತ್ತಿದ್ದ ಆರೈಕೆ ಒಂದೇ. ಬಾಣಂತನ! ತಲೆಗೆ ಬಟ್ಟೆ ಕಟ್ಟಿದರು. ಕಿವಿಗೆ ಹತ್ತಿ ಇಟ್ಟರು. ಮಂಚದ ಕೆಳಗೆ ಕೆಂಡದ ಬುಟ್ಟಿ ಬಂತು, ಕಿಟಕಿಗೆ ಗೋಣಿಚೀಲ ಬಿತ್ತು. ಬೆಳಿಗ್ಗೆ ಅಳವಿ ಬೀಜದ ಪಾಯಸ, ಸಂಜೆ ಅಂಟಿನ ಉಂಡಿ. ನೋಡಲು ಬಂದ ಓಣಿಯ ಹೆಂಗಸರು ಬಾಳೆಹಣ್ಣು, ಬಿಸ್ಕತ್ತು ಕೊಟ್ಟು, ಮಂಚದ ಪಕ್ಕ ಕೂಸನ್ನು ಹುಡುಕಿದವರಂತೆ ನಕ್ಕು ಹೋಗುತ್ತಿದ್ದರು.

"ಅತ್ತಿ, ಮುರದದ್ದು ಕಾಲರಿ. ನಾ ಏನ ಹಡದೇನಿ?" ಎಂದೆ.

"ಹಡದಾಕಿಗಿಂತ ಹೆಚ್ಚಿಂದ ಇದು. ಸುಮ್ನ ಬಿದ್ಕೋ. ಕಾಲ ನೆಲಕ್ಕ ತಾಕಿದ್ರ ಥಂಡಿ ಏರತೈತಿ" ಎಂದರು.

ಪ್ಲಾಸ್ಟರ್ ತೆಗೆದ ದಿನ, ಇನ್ನು ಕಾಲನ್ನು ನಿಧಾನವಾಗಿ ಊರಬೇಕು, ವ್ಯಾಯಾಮ ಮಾಡಬೇಕು ಎಂದು ಧಾರವಾಡದ ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಅತ್ತೆ ಅದನ್ನೂ ಗಾಳಿಗೆ ತೂರಿದರು. ಆಸ್ಪತ್ರೆಯವರು ಕೊಡಿಸಿದ್ದ ವಾಕರನ್ನು ಅಟ್ಟದ ಮೇಲೆ ಏರಿಸಿದರು. ಬಚ್ಚಲಿಗೆ ಹೋಗಬೇಕೆಂದರೆ ಒಂದು ಕಡೆ ಗಂಡ, ಇನ್ನೊಂದು ಕಡೆ ಅತ್ತೆ, ನಡುವೆ ನಾನು ಒಂಟಿಕಾಲಲ್ಲಿ. ಉಂಡಿ ತಿಂದು ತಿಂದು ನಾನು ಉಬ್ಬಿದೆ, ಕಾಲು ಬಡವಾಯಿತು. ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಅತ್ತೆಯ ಫೋನಿನ ಮಾತು ಕಿವಿಗೆ ಬಿತ್ತು. ಆ ಕಡೆ ಇದ್ದದ್ದು ರಾಮದುರ್ಗದಲ್ಲಿರುವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ.

"ಈ ಸಲ ಚರಗದ ಬುಟ್ಟಿ ನೀನ ಹಿಡೀಬೇಕಾಕ್ಕೈತಿ, ಯವ್ವಾ. ಅಕಿ ಕಾಲ ಇನ್ನ ಆಗೂದಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಕಿವಿಯ ಹತ್ತಿ ಕಿತ್ತು ಎಸೆದು, ಗಂಡನನ್ನು ಕೂಗಿ, ಈಗಿಂದೀಗ ಆಟೋ ತರಿಸು ಎಂದೆ.

ಬಜಾರದ ಮೆಡಿಕಲ್ ಅಂಗಡಿಯ ಪಕ್ಕದಲ್ಲಿ ಫಿಜಿಯೋಥೆರಪಿಯ ಒಂದು ಸಣ್ಣ ಕೋಣೆ ಇತ್ತು. ಅಲ್ಲಿದ್ದ ಡಾಕ್ಟರು ನಮ್ಮೂರಿನ ಮುಸ್ಲಿಂ ಮನೆತನದ ಹುಡುಗಿ, ಮಾತು ಚುರುಕು, ಕೈ ಇನ್ನೂ ಚುರುಕು. ಸೊಸೆಯನ್ನು ಒಬ್ಬಳನ್ನೇ ಬಿಡಲಾರದೆ ಅತ್ತೆಯೂ ಬಂದಿದ್ದರು. ತಲೆಗೆ ಕಟ್ಟಿದ ಬಟ್ಟೆ ನೋಡಿದ ಡಾಕ್ಟರು ನನ್ನತ್ತ ಬಾಗಿ, "ಅಕ್ಕಾರ, ಇದ ಎಷ್ಟನೇ ಬಾಣಂತನರೀ?" ಎಂದು ಕೇಳಿದರು. ನಾನು ಬಿದ್ದು ಬಿದ್ದು ನಕ್ಕೆ. ಅತ್ತೆ ನಗಲಿಲ್ಲ.

ಡಾಕ್ಟರು ನನ್ನ ಎರಡೂ ಪಾದಗಳನ್ನು ನೀರಲ್ಲಿ ಅದ್ದಿಸಿ, ತೋಳು ಹಿಡಿದು ಒಣ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿದರು. ನೋವು ಮಂಡಿಯ ತನಕ ಸಿಡಿಯಿತು. ತಿರುಗಿ ನೋಡಿದರೆ ಎಡಗಾಲಿನ ಗುರುತು ಪೂರ್ತಿ ಇತ್ತು. ಬಲಗಾಲಿನದು ಬರೀ ಬೆರಳು ಮತ್ತು ಮುಂಗಾಲು. ಹಿಂದೆ ಏನೂ ಇಲ್ಲ.

ಅತ್ತೆ ಗೋಡೆ ಹಿಡಿದು ಬಗ್ಗಿದರು. "ಹಿಂಬಡ ಎಲ್ಲೈತಿ?" ಎಂದರು. ಹಿಮ್ಮಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

"ಇಳಿಯೂದ ಮರತೈತ್ರಿ, ಅಮ್ಮಾರ. ಹರಡ ಬಿಗದೈತಿ. ಇಳಸದಿದ್ರ ಇವರು ಹಿಂಗ ಕುಂಟಕೋತ ಇರಬೇಕಾಕ್ಕೈತಿ" ಎಂದ ಡಾಕ್ಟರು, ಅತ್ತೆಯ ಮುಖ ಸಣ್ಣಗಾದದ್ದು ನೋಡಿ ದನಿ ತಗ್ಗಿಸಿದರು. "ನೀವು ಬಾಣಂತನ ಛಲೋ ಮಾಡೀರಿ. ಆದ್ರ ಬಾಣಂತಿನೂ ಒಂದಿನ ಎದ್ದು ಹೊರಗ ಬಂದು ಗಂಗಿ ಪೂಜಿ ಮಾಡತಾಳಲ್ರಿ? ಈ ಕಾಲ ಇನ್ನೂ ಕ್ವಾಣ್ಯಾಗ ಐತಿ."

ಅತ್ತೆ ಆ ನೀರಿನ ಗುರುತು ಆರುವ ತನಕ ನೋಡುತ್ತ ನಿಂತರು. ಮನೆಗೆ ಬಂದವರೇ ನನ್ನ ತಲೆಯ ಬಟ್ಟೆ ಬಿಚ್ಚಿದರು. ಕೆಂಡದ ಬುಟ್ಟಿ ಹೊರಗೆ ಹೋಯಿತು, ಅಟ್ಟದಿಂದ ವಾಕರು ಇಳಿಯಿತು. ನನ್ನನ್ನು ಹಿತ್ತಲಿನ ನಳದ ತನಕ ನಡೆಸಿ, ಬಾವಿಯ ಬದಲು ನಳಕ್ಕೇ ಕುಂಕುಮ ಹಚ್ಚಿಸಿ ಗಂಗೆಪೂಜೆ ಮಾಡಿಸಿ, "ಮುಗೀತ ಬಾಣಂತನ" ಎಂದು ಘೋಷಿಸಿದರು. ನನಗಾದ ಖುಷಿ ಅಷ್ಟಿಷ್ಟಲ್ಲ!

ಆ ಖುಷಿ ಮರುದಿನದ ತನಕ ಮಾತ್ರ. ಅತ್ತೆ ಯಾವುದನ್ನೂ ಅರ್ಧಮರ್ಧ ಮಾಡುವವರಲ್ಲ. ಮಲಗಿಸುವುದರಲ್ಲಿ ಇದ್ದ ಹಟವೆಲ್ಲ ಈಗ ಎಬ್ಬಿಸುವುದಕ್ಕೆ ತಿರುಗಿತು. ಡಾಕ್ಟರು ಹೇಳಿಕೊಟ್ಟಿದ್ದನ್ನು ಒಂದೂ ಬಿಡುತ್ತಿರಲಿಲ್ಲ. ಮುಂಗಾಲಿಗೆ ಟವೆಲ್ ಸಿಕ್ಕಿಸಿ ನನ್ನ ಕಡೆಗೆ ಎಳೆಯುವುದು, ಗೋಡೆಗೆ ಕೈ ಊರಿ ಹಿಮ್ಮಡಿ ಒತ್ತುವುದು, ಕಿಟಕಿಯ ಸರಳು ಹಿಡಿದು ಒಂದೇ ಕಾಲಲ್ಲಿ ನಿಲ್ಲುವುದು, ಚೆಲ್ಲಿದ ಕಡಲೆಯನ್ನು ಕಾಲ್ಬೆರಳಿಂದ ಎತ್ತಿ ತಟ್ಟೆಗೆ ಹಾಕುವುದು. ನಾನು ಕಳ್ಳಾಟ ಆಡಿದರೆ ಬೆಕ್ಕು ಓಡಿಸುವ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು.

"ಹಿಂಬಡ ಮೊದಲ! ಬೆರಳ ಆಮ್ಯಾಲ! ಎಷ್ಟ ಸಲ ಹೇಳ್ಲಿ?"

ಬೈಯುತ್ತಿದ್ದೆ, ಅಳುತ್ತಿದ್ದೆ, ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಬಚ್ಚಲಿನಿಂದ ವಾಕರಿಲ್ಲದೆ ಅಡುಗೆಮನೆಗೆ ಬಂದುಬಿಟ್ಟಿದ್ದೆ, ನನಗೇ ಗೊತ್ತಾಗಿರಲಿಲ್ಲ! ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತಿ ನೋಡಿ, ಕೈ ನಿಲ್ಲಿಸದೆ, "ಬಂದ್ಯಾ? ಹಂಗಾರ ಹಂಚ ನೋಡ್ಕೋ" ಎಂದರು.

ಡಾಕ್ಟರಿಗೆ ಚರಗದ ವಿಷಯ ಆಗ ಹೇಳಿದೆ. ಆಕೆ ಕಣ್ಣರಳಿಸಿದರು. "ಬರಿಗಾಲಲೇನ್ರಿ? ಎರಿ ಹೊಲದಾಗ? ಫರಸಿ ಮ್ಯಾಲ ನಡದಂಗಲ್ಲರಿ ಅದು. ಮಣ್ಣಿನ ಹೆಂಟಿ ಮ್ಯಾಲ ಕಾಲ ಹೊಳ್ಳತೈತಿ." ಸ್ವಲ್ಪ ಯೋಚಿಸಿ, "ಕಾಲಿಗೆ ಮಣ್ಣ ಕಲಿಸಬೇಕಾಕ್ಕೈತಿ" ಎಂದರು.

ಜೊತೆಗೆ ಬಂದಿದ್ದ ಅತ್ತೆ ಕೇಳಿಸಿಕೊಂಡರು ಅಷ್ಟೇ. ಮರುದಿನ ಚಚಡಿಯ ಹಾದಿಯಲ್ಲಿರುವ ನಮ್ಮ ಹೊಲದಿಂದ ಒಂದು ಟ್ರಾಲಿ ಕರಿಮಣ್ಣು ಹಿತ್ತಲಿಗೆ ಬಂದು ಬಿತ್ತು! ಹೆಂಟೆ ಸಮೇತ. ಮನೆ ಕಟ್ಟಿಸುತ್ತೀರಾ ಎಂದು ಓಣಿಯವರು ಕೇಳಿದರೆ, "ಇಲ್ಲ, ಸೊಸಿ ನಡೀತಾಳ" ಎನ್ನುತ್ತಿದ್ದರು. ಗಂಡ ಅದನ್ನು ಹರಡಿದ. ಮೊದಲು ಚಪ್ಪಲಿ ಹಾಕಿ, ಆಮೇಲೆ ನೋಡಲು ಮನೆಗೇ ಬಂದ ಡಾಕ್ಟರ ಕೈ ಹಿಡಿದು ಬರಿಗಾಲಲ್ಲಿ, ಕೊನೆಗೆ ಬುಟ್ಟಿ ಹಿಡಿದು ನಡೆದೆ. ಕಾಲು ಹೊಳ್ಳಿ ಉಳುಕುವಂತಾದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಆದರೂ ಸಂಜೆಯಾದರೆ ಯಾವಾಗ ಮಣ್ಣಿಗೆ ಇಳಿದೇನೋ ಎಂದು ಕಾಲು ತುರಿಸುತ್ತಿತ್ತು.

ಅಮಾವಾಸ್ಯೆಯ ದಿನ ಹೊಲಕ್ಕೆ ಹೋದೆವು. ನೆಗೆಣ್ಣಿ ರಾಮದುರ್ಗದಿಂದ ಸೀರೆಯ ಸೆರಗು ಸಿಕ್ಕಿಸಿಕೊಂಡೇ ಬಂದಿದ್ದಳು. ಪೂಜೆ ಆಯಿತು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಮೊಸರನ್ನ ಎಲ್ಲ ಕಲಸಿದ ಬುಟ್ಟಿಯನ್ನು ಅತ್ತೆ ಎತ್ತಿಕೊಂಡರು. ನೆಗೆಣ್ಣಿ ಕೈ ಚಾಚಿದಳು. ಅತ್ತೆ ಅವಳನ್ನು ದಾಟಿ ಬಂದು ನನ್ನ ಕೈಗೆ ಇಟ್ಟರು. ತಂಬಿಗೆ ತಾವೇ ಹಿಡಿದರು. ಮೊಣಕಾಲು ನೋವು ಎಂದು ಯಾರೋ ನೆನಪಿಸಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಚಪ್ಪಲಿ ಬಿಟ್ಟು ಕೂಗಿದೆ: "ಹುಲ್ಲುಲ್ಲಿಗೋ!"

"ಚಲ್ಲಂಬ್ರಿಗೋ!"

ಜೋಳ ಎದೆಮಟ್ಟ ನಿಂತಿತ್ತು. ಹೆಂಟೆ ಚುಚ್ಚಿದವು, ಬಿರುಕು ಕಾಲು ಎಳೆದವು, ಹರಡಿನೊಳಗಿನ ಸ್ಕ್ರೂ ಒಂದೊಂದೂ ಮಾತಾಡಿತು. ನಾನು ನಡೆದೆ! ಬುಟ್ಟಿ ಖಾಲಿಯಾಗುತ್ತ ಬಂತು. ಕೊನೆಯ ಮೂಲೆಯಲ್ಲಿ ಬೋರಿನ ಪೈಪು ಸೋರಿ ಕಡಲೆಯ ಬದುವಿನಲ್ಲಿ ಮಣ್ಣು ಹಸಿಯಾಗಿತ್ತು. ಅದನ್ನು ದಾಟಿ ಕೂಗಿದೆ. ಹಿಂದಿನಿಂದ ಉತ್ತರ ಬರಲಿಲ್ಲ.

ಅತ್ತೆಗೆ ಮೊಣಕಾಲು ಹಿಡಿಯಿತೆಂದು ಹೆದರಿ ತಿರುಗಿದೆ. ಅವರು ಆ ಹಸಿಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ನನ್ನ ಬಲಗಾಲಿನ ಹೆಜ್ಜೆ. ಬೆರಳು, ಮುಂಗಾಲು, ಹಿಂದೆ ದುಂಡಗೆ ಒತ್ತಿದ ಹಿಮ್ಮಡಿ.

"ಬಾ ಇಲ್ಲೆ" ಎಂದರು. ಬುಟ್ಟಿಯಿಂದ ಒಂದು ಹಿಡಿ ಚರಗ ತೆಗೆದು ಆ ಹಿಮ್ಮಡಿಯ ಕುಳಿಯಲ್ಲಿ ಇಟ್ಟರು. ತಂಬಿಗೆಯಿಂದ ನೀರು ಬಿಟ್ಟರು. ಆ ಕಾಲು ನೆಲಕ್ಕೆ ತಾಕಬಾರದೆಂದು ಕೆಂಡ ಇಟ್ಟು ಕಾದವರು ಇವರೇ. ಆಮೇಲೆ ನನ್ನ ಹೆಗಲು ಹಿಡಿದು ಎದ್ದು, "ನಡಿ. ಕೂಗ" ಎಂದರು.

ನಾನು ಆ ಹೆಜ್ಜೆಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ, ಬುಟ್ಟಿ ಬಿಟ್ಟುಕೊಟ್ಟ ದಿನದಿಂದ ಒಮ್ಮೆಯೂ ಕೂಗದಿದ್ದ ಕೂಗನ್ನು, ಇಡೀ ಹೊಲಕ್ಕೆ ಕೇಳುವಂತೆ ತಾವೇ ಕೂಗಿದರು.

"ಹುಲ್ಲುಲ್ಲಿಗೋ!"

ಉತ್ತರ ನಾನು ಕೊಟ್ಟೆ.