ಕಾಡಿಗೆ ಡಬ್ಬಿಯ ಬಿಲ್ಲು

ರಾಣೆಬೆನ್ನೂರಿನಲ್ಲಿ ನಮ್ಮ ಮಾವನವರದು ಬಳೆ, ಸ್ಟೇಷನರಿ ಅಂಗಡಿ. ಮದುವೆಯಾಗಿ ಬಂದ ಎರಡನೆಯ ವರ್ಷದಿಂದ, ಅವರು ಊಟಕ್ಕೆ ಹೋದಾಗ ಗಲ್ಲಾದ ಮೇಲೆ ನಾನು ಕೂರುತ್ತಿದ್ದೆ. ಹೆಂಗಸರ ಹತ್ತಿರವೇ ಕೇಳಬೇಕಾದ ಸಾಮಾನು ಬಹಳ ಇರುತ್ತವೆ ಎಂದು ಅತ್ತೆಯೇ ನನ್ನನ್ನು ಅಲ್ಲಿ ಕೂಡಿಸಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು.

ಮೇಡ್ಲೇರಿಗೆ ಕೊಟ್ಟಿದ್ದ ನನ್ನ ತಂಗಿಗೆ ಆಗ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕುಂಚಿಗೆ, ಉಡಿದಾರದ ಜೊತೆ ಅಂಗಡಿಯಿಂದ ಆರು ಡಬ್ಬಿ ಕಾಡಿಗೆಯನ್ನೂ ಒಯ್ದೆ. ಮುಚ್ಚಳದ ಮೇಲೆ ನಗುವ ಕೂಸಿನ ಚಿತ್ರವಿತ್ತು. ಕೆಳಗೆ ಬಾದಾಮಿ ಎಣ್ಣೆ, ಕರ್ಪೂರ ಎಂದು ಬರೆದಿತ್ತು. ನಮ್ಮಲ್ಲಿ ಅದಕ್ಕಿಂತ ಹೆಚ್ಚು ಖರ್ಚಾಗುವ ಸಾಮಾನು ಮತ್ತೊಂದಿರಲಿಲ್ಲ.

ಒಂಬತ್ತು ತಿಂಗಳಾಗುವ ಹೊತ್ತಿಗೆ ಕೂಸು ಬಿಳಿಚಿಕೊಂಡಿತ್ತು. ಅನ್ನ ಸೇರದು, ಮಲ ಕಟ್ಟುತ್ತಿತ್ತು, ಎತ್ತಿಕೊಂಡರೂ ಅಳು ನಿಲ್ಲದು. ತಂಗಿ ರಾಣೆಬೆನ್ನೂರಿಗೆ ಕರೆತಂದಳು. ಇಬ್ಬರೂ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಹತ್ತಿಯಿಂದ ಕೂಸಿನ ಕಣ್ಣಂಚು ಒರೆಸಿ, ಆ ಹತ್ತಿಯನ್ನು ಬೆಳಕಿಗೆ ಹಿಡಿದರು.

“ದಿನಾ ಹಚ್ತೀರೇನ್ರಿ ಇದನ್ನ?”

“ಎರಡ ಹೊತ್ತ ಹಚ್ತೇನ್ರಿ,” ಎಂದಳು ತಂಗಿ. “ಕಣ್ಣ ದೊಡ್ಡವು ಆಗ್ತಾವಂತ.”

“ಮನ್ಯಾಗ ಮಾಡಿದ್ದೋ, ಅಂಗಡೀದೋ?”

ತಂಗಿ ನನ್ನ ಮುಖ ನೋಡಿದಳು. “ನಮ್ಮ ಅಂಗಡೀದ್ರಿ,” ಎಂದು ನಾನೇ ಹೇಳಿದೆ.

ರಕ್ತ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಯಿತು. ರಕ್ತದಲ್ಲಿ ಸೀಸ ಇದೆ ಎಂದು ಬಂತು. ಕೆಲವರು ಕಾಡಿಗೆಯಲ್ಲಿ ಸೀಸದ ಪುಡಿ ಬೆರೆಸುತ್ತಾರೆ, ಕೂಸು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತದೆ, ಹಾಗೆ ಹೊಟ್ಟೆಗೆ ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. “ಇವತ್ತಿನಿಂದ ಬಿಡ್ರಿ. ಮನ್ಯಾಗ ಮಾಡಿದ್ದೂ ಕಣ್ಣಿಗೆ ಬ್ಯಾಡ. ಔಷಧ ಕೊಡ್ತೇನಿ, ನಿಧಾನಕ್ಕ ಇಳೀತೈತಿ.”

ಬಸ್ ಸ್ಟ್ಯಾಂಡಿನಲ್ಲಿ ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು, “ನಿನಗ ಗೊತ್ತಿತ್ತೇನಕ್ಕಾ?”

“ಇಲ್ಲವ್ವಾ.”

“ಮಾರೋರಿಗೆ ಗೊತ್ತಿರಬೇಕಿತ್ತಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅಂಗಡಿಗೆ ಬಂದವಳೇ ಆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಮಾವನವರಿಗೆ ವಿಷಯ ಹೇಳಿದೆ. ಮಾರುವುದು ಬೇಡ ಎನ್ನುವುದಕ್ಕೆ ಅವರದೂ ಒಪ್ಪಿಗೆ ಇತ್ತು. “ಆದ್ರ ನಾವು ಇಡಲಿಲ್ಲಂದ್ರ ಬಾಜೂ ಅಂಗಡ್ಯಾಗ ತೊಗೋತಾರ, ಯವ್ವಾ. ಅದಕ್ಕ ನಾವೇನ ಮಾಡಾಕ ಬರ್ತೈತಿ?” ಎಂದರು.

ಅವರು ಹೇಳಿದ್ದು ಖರೆ. ಮರುದಿನವೇ ಅಗಡಿ ಊರಿನ ಹೆಂಗಸೊಬ್ಬಳು ಬಂದು ಅದೇ ಕಾಡಿಗೆ ಕೇಳಿದಳು. ಇಲ್ಲ ಎಂದೆ. ಅವಳು ಮೆಟ್ಟಿಲಿಳಿದು ಬಾಜೂ ಅಂಗಡಿಗೆ ಹೋಗಿ, ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನನ್ನ ಮುಂದೆಯೇ ಹೋದಳು. ಅಂದಿನಿಂದ ಬರೀ ಇಲ್ಲ ಎನ್ನುವುದನ್ನು ಬಿಟ್ಟೆ. ಕೇಳಿದವರಿಗೆಲ್ಲ ತಂಗಿಯ ಕೂಸಿನ ಸಂಗತಿ ಹೇಳಿದೆ. ಕೆಲವರು ಹೆದರಿದರು. ಕೆಲವರು, ನಮ್ಮ ನಾಕು ಮಕ್ಕಳಿಗೆ ಹಚ್ಚೇವಿ, ಏನೂ ಆಗಿಲ್ಲ ಎಂದರು.

ತಿಂಗಳಿಗೊಮ್ಮೆ ಮಾಲು ಕೊಡಲು ಬರುವ ಏಜೆಂಟ ಬಂದಾಗ ನೇರವಾಗಿ ಕೇಳಿದೆ. “ಇದರಾಗ ಏನೇನ ಹಾಕ್ಯಾರ?”

“ಮ್ಯಾಲ ಬರದಾರಲ್ರಿ ಅಕ್ಕಾರ.”

“ಬರದದ್ದ ನಾನೂ ಓದೇನಿ. ಹಾಕಿದ್ದ ಕೇಳಾಕತ್ತೇನಿ.”

ಅವನು ನಕ್ಕ. ಕಂಪನಿಯವರನ್ನೇ ಕೇಳಿರಿ ಎಂದ. ಅವನ ಮಾತನ್ನೇ ಹಿಡಿದೆ. ಡಬ್ಬಿಯ ತಳದಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ ಕಾಗದ ಬರೆದೆ. ಮೂರು ವಾರಕ್ಕೆ ಅದು ತಿರುಗಿ ಬಂತು. ಇಂಥ ವಿಳಾಸ ಇಲ್ಲ ಎಂದು ಟಪಾಲಿನವರು ಲಕೋಟೆಯ ಮೇಲೆ ಬರೆದಿದ್ದರು.

ಮಾವನವರು ಆ ಲಕೋಟೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ಎಷ್ಟೋ ವರ್ಷ ಆ ಮಾಲು ಮಾರಿದವರು ಅವರು. “ಊರಿಲ್ಲ, ಮನಿ ಇಲ್ಲ,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ, “ಹಾವೇರಿ ಔಷಧ ಇಲಾಖೆಗೆ ಅರ್ಜಿ ಹಾಕು. ಒಬ್ಬಾಕೀದ ಹೆಸರ ಸಾಲೂದಿಲ್ಲ,” ಎಂದರು.

ಬ್ಯಾಡಗಿ ನನ್ನ ತವರು. ಹಂಗಾಮಿನಲ್ಲಿ ಅವ್ವ ಓಣಿಯ ಹೆಂಗಸರ ಜೊತೆ ಗೋದಾಮಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಅರ್ಜಿ ಹಿಡಿದು ಅಲ್ಲಿಗೆ ಹೋದೆ. ಸೀನುತ್ತ ಸೀನುತ್ತ ಓದಿ ಹೇಳಿದೆ. ರಾಶಿಯ ಪಕ್ಕ ಜೋಳಿಗೆಯಲ್ಲಿ ಮಲಗಿದ್ದ ಎರಡು ಕೂಸುಗಳ ಕಣ್ಣಲ್ಲೂ ಕಾಡಿಗೆ ದಪ್ಪಗಿತ್ತು.

“ಸಹಿ ಮಾಡಿದ್ರ ನಮಗ ಕೋರ್ಟಿಗೆ ಕರೀತಾರೇನ?” ಎಂದು ಒಬ್ಬಳು ಕೇಳಿದಳು.

“ಕರದ್ರ ನಾ ಮುಂದ ಹೋಗ್ತೇನಿ,” ಎಂದಳು ಅವ್ವ. ಖಾರದ ಕೈ ತೊಳೆದು ಬಂದು, ಮೊದಲ ಹೆಬ್ಬೆಟ್ಟು ಅವಳೇ ಒತ್ತಿದಳು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಕೈ ತೊಳೆಯಲು ಹೋದರು. ಜೋಳಿಗೆಯ ಒಂದು ಕೂಸಿನ ತಾಯಿ ಮಾತ್ರ ಹೆಬ್ಬೆಟ್ಟಿಗೆ ಮೊದಲು ಸೆರಗನ್ನು ನೀರಲ್ಲಿ ಅದ್ದಿ ಮಗನ ಕಣ್ಣು ಒರೆಸಿದಳು.

ಹಾವೇರಿಯ ಆ ಕಚೇರಿಯ ಸಾಹೇಬರು ಸಮಾಧಾನದಿಂದಲೇ ಓದಿದರು. ಆದರೆ ಡಬ್ಬಿಯನ್ನು ಪರೀಕ್ಷೆಗೆ ಕಳಿಸಬೇಕೆಂದರೆ, ಅದು ಯಾವ ಅಂಗಡಿಯಿಂದ ಬಂತು ಎನ್ನುವ ಬಿಲ್ಲು ಬೇಕು ಎಂದರು. ಕಾಡಿಗೆ ಡಬ್ಬಿಗೆ ಯಾರು ಬಿಲ್ಲು ಕೊಡುತ್ತಾರೆ? ನಮ್ಮದೇ ಬಿಲ್ಲು ಕೊಟ್ಟರೆ ಮಾವನವರ ಮೇಲೆ ಬರುತ್ತದೆಂದು ಹೆದರಿ, ನಮ್ಮ ಸಾಲಿನ ನಾಲ್ಕು ಅಂಗಡಿ ಕೇಳಿದೆ. ಒಬ್ಬರು ನಕ್ಕರು, ಒಬ್ಬರು ಮುಖ ತಿರುವಿದರು. ಮನೆಗೆ ಬಂದು ಅತ್ತೆಯ ಮುಂದೆ ಅತ್ತುಬಿಟ್ಟೆ.

ಮಾವನವರು ಒಳಗಿನಿಂದ ಕೇಳಿಸಿಕೊಂಡರು. ಮರುದಿನ ಅಂಗಡಿ ತೆರೆದು, ಪರೀಕ್ಷೆಗೆಂದು ಪೆಟ್ಟಿಗೆಯಿಂದ ಎರಡು ಡಬ್ಬಿ ಎತ್ತಿಟ್ಟು, ಬಿಲ್ಲಿನ ಪಟ್ಟಿಪುಸ್ತಕ ತೆಗೆದು, ನಮ್ಮ ಅಂಗಡಿಯ ಹೆಸರಿನಲ್ಲೇ ಬರೆದರು: ಕಾಡಿಗೆ, ಡಬ್ಬಿ ಎರಡು. ಕೆಳಗೆ ಸಹಿ ಮಾಡಿ, ಅಂಗಡಿಯ ಶಿಕ್ಕಾ ಒತ್ತಿದರು.

“ಮಾವಾರ, ನಿಮ್ಮ ಮ್ಯಾಲ ಬಂದ್ರ?”

“ಬರಲಿ. ಕೂಸಿಗೆ ಹೋಗಿದ್ದ ನಮ್ಮ ಅಂಗಡಿಯಿಂದ. ಬಿಲ್ಲೂ ನಮ್ಮದ ಇರಲಿ.”

ಅವರಿಗೆ ನೋಟೀಸು ಬಂತು. ಎರಡು ಸಲ ಹಾವೇರಿಗೆ ಹೋಗಿ ಹೇಳಿಕೆ ಕೊಟ್ಟು ಬಂದರು. ವರ್ಷಗಟ್ಟಲೆ ಅವರ ಜೊತೆ ಚಹಾ ಕುಡಿದಿದ್ದ ಬಾಜೂ ಅಂಗಡಿಯವರು ಮಾತು ಬಿಟ್ಟರು. ವ್ಯಾಪಾರದವನೇ ವ್ಯಾಪಾರದ ಮೇಲೆ ಕಲ್ಲು ಹಾಕಿದ ಎಂದು ಬೀದಿಯಲ್ಲಿ ಆಡಿಕೊಂಡರು. ಮಾವನವರು ಮಧ್ಯಾಹ್ನ ಚಹಾ ತರಿಸಿ ಒಬ್ಬರೇ ಕುಡಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅವರು ಮಾತ್ರ ಒಮ್ಮೆಯೂ ನನ್ನನ್ನು ಆಕ್ಷೇಪಿಸಲಿಲ್ಲ.

ಪರೀಕ್ಷೆಯ ವರದಿ ಬರುವುದು ತಡವಾಯಿತು. ತಿಂಗಳಿಗೊಮ್ಮೆ ನಾನೂ ಅವ್ವನೂ ಬ್ಯಾಡಗಿಯ ಇಬ್ಬರು ಹೆಂಗಸರೂ ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತು ಬರುತ್ತಿದ್ದೆವು. ಕಡೆಗೆ ಸಾಹೇಬರು ನಮ್ಮನ್ನು ಕಂಡ ಕೂಡಲೇ ಫೈಲು ತರಿಸತೊಡಗಿದರು. ವರದಿಯಲ್ಲಿ ಸೀಸ ಇದೆ ಎಂದೇ ಬಂತು. ಏಜೆಂಟನನ್ನು ಕಳಿಸುತ್ತಿದ್ದ ಸಗಟು ವ್ಯಾಪಾರಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಊರಿನ ಅಂಗಡಿಗಳಿಂದ ಆ ಮಾಲು ವಾಪಸು ತೆಗೆದುಕೊಂಡ. ತಯಾರಿಸಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಆದರೆ ಬೇರೆ ಕಂಪನಿಯ ಏಜೆಂಟರು ಪರೀಕ್ಷೆಯ ಕಾಗದ ಇಟ್ಟುಕೊಂಡೇ ಬರಲು ಶುರುಮಾಡಿದರು. ಕಾಗದ ಎಲ್ಲಿ ಎಂದು ಈಗ ಗಿರಾಕಿಗಳೇ ಬಾಜೂ ಅಂಗಡಿಯಲ್ಲೂ ಕೇಳುತ್ತಿದ್ದರು.

ತಂಗಿಯ ಮಗಳು ನಡೆಯುವುದು ತಡವಾಯಿತು, ಆದರೆ ನಡೆದಳು. ದೃಷ್ಟಿಗೆಂದು ನಮ್ಮತ್ತೆ ಅವಳ ಅಂಗಾಲಿಗೆ ಒಲೆಯ ಮಸಿಯ ಚುಕ್ಕೆ ಇಟ್ಟು, “ಇಲ್ಲಿ ಇಟ್ರ ಡಾಕ್ಟರಿಗೂ ಕಾಣೂದಿಲ್ಲ, ಬಾಯಿಗೂ ಹೋಗೂದಿಲ್ಲ” ಎನ್ನುತ್ತಿದ್ದರು. ಮಗು ಕಾಲಿನ ಹೆಬ್ಬೆರಳನ್ನೂ ಬಾಯಿಗಿಡುತ್ತದೆ ಎಂದು ತಂಗಿ ಅದನ್ನೂ ತೊಳೆದುಬಿಡುತ್ತಿದ್ದಳು.

ಮುಂದಿನ ಹಂಗಾಮಿನಲ್ಲಿ ತವರಿಗೆ ಹೋದಾಗ ಗೋದಾಮಿನ ಹೆಂಗಸರಲ್ಲಿ ಹಿರಿಯಳೊಬ್ಬಳು ನನ್ನ ಕೈ ಹಿಡಿದು ಬೆಳಕಿಗೆ ಕರೆದೊಯ್ದಳು. ಹಣೆಯ ಕುಂಕುಮ ಒರೆಸಿಕೊಂಡಳು. ಅದರ ಕೆಳಗೆ ಚರ್ಮ ಬೆಳ್ಳಗೆ ಮಚ್ಚೆಯಾಗಿತ್ತು.

“ಪ್ಯಾಕೀಟಿನ ಕುಂಕುಮ,” ಎಂದಳು. “ಪ್ಯಾಕೀಟ ಇಟ್ಟೇನಿ, ಈ ಸಲ ಬಿಲ್ಲೂ ಕೇಳಿ ಇಸಗೊಂಡೇನಿ. ಹಾವೇರಿ ಬಸ್ ಎಷ್ಟಕ್ಕ ಐತಿ?”